ನಾಡಿ ಕೋಣೆಯ ಎರಡನೆಯ ಕಿಟಕಿ

ಜಮಖಂಡಿಯಿಂದ ಮುಧೋಳದವರೆಗೆ, ಇತ್ತ ಬೀಳಗಿಯವರೆಗೆ, ನಾನು ಮಾಡಿದ ಬಾಗಿಲುಗಳು ಇನ್ನೂ ನಿಂತಿವೆ. ಹಾಗೆಂದು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ನಾಲ್ಕನೆಯ ಇಯತ್ತೆಗೆ ಸಾಲಿ ಬಿಟ್ಟವನು ನಾನು. ಅಪ್ಪನ ಉಳಿ, ಬಾಚಿ ಹಿಡಿದದ್ದೇ ಓದು. ಮಳೆಗಾಲದಲ್ಲಿ ಬಿಗಿಯದ, ಬೇಸಿಗೆಯಲ್ಲಿ ಸಂದು ಬಿಡದ ಬಾಗಿಲು ಬೇಕೆಂದವರು ನನ್ನ ಮನೆ ಕೇಳಿಕೊಂಡು ಬರುತ್ತಿದ್ದರು. ಆದರೆ ಕೆಲಸ ಬಿಟ್ಟು ಕಟ್ಟೆಯ ಮೇಲೆ ಕೂತಿರುವ ಈಗ ನನಗೆ ಹೆಚ್ಚು ಸಲ ನೆನಪಾಗುವುದು ಬನಹಟ್ಟಿಯ ಒಂದು ಹಳೆಯ ವಾಡೆಯಲ್ಲಿ ಕೂಡಿಸಿದ ಕಿಟಕಿ. ಅದನ್ನು ಎರಡು ಸಲ ಮಾಡಿದೆ. ಮೊದಲ ಸಲ ಮಾಡಿದ್ದಕ್ಕೆ ಸನ್ಮಾನ ಆಯಿತು. ಎರಡನೆಯ ಸಲ ಮಾಡಿದ್ದು ಕೆಲಸಕ್ಕೆ ಬಂತು.

ಎಪ್ಪತ್ತರ ದಶಕ ಮುಗಿಯುತ್ತ ಬಂದ ಹೊತ್ತು. ಬನಹಟ್ಟಿಯ ವೈದ್ಯರೊಬ್ಬರು ಬಸ್ಸಿನ ಕಂಡಕ್ಟರನ ಕೈಯಲ್ಲಿ ನನಗೆ ಹೇಳಿಕಳಿಸಿದರು. ಗಾಜಿನ ಕೆಲಸ ಬಲ್ಲ ಬಡಿಗ ಬೇಕು, ಕೈ ನಯವಾಗಿರಬೇಕು, ಬಾಯಿ ಸಣ್ಣದಿರಬೇಕು ಎಂದು. ಮೊದಲಿನ ಎರಡು ನನ್ನ ಹತ್ತಿರ ಇದ್ದವು. ಮರುದಿನ ಬೆಳಗಿನ ಬಸ್ಸಿಗೆ ಹೊರಟೆ.

ವಾಡೆ ಅವರ ಮುತ್ತಜ್ಜನ ಕಾಲದ್ದು. ಎರಡು ಮೊಳ ದಪ್ಪದ ಕಲ್ಲುಮಣ್ಣಿನ ಗೋಡೆ, ಮಣ್ಣಿನ ಮಾಳಿಗೆ, ನಡುವೆ ಅಂಗಳ. ಅಂಗಳ ದಾಟಿದರೆ ಓಣಿಯ ಮಗ್ಗುಲಿಗೆ ಒಂದು ಕೋಣೆ. ಅದಕ್ಕೆ ಎಲ್ಲರೂ ನಾಡಿ ಕೋಣೆ ಎನ್ನುತ್ತಿದ್ದರು. ವೈದ್ಯರ ಅಜ್ಜ, ಅಪ್ಪ, ಆಮೇಲೆ ಅವರು, ಮೂರು ತಲೆಮಾರು ಅದೇ ಕೋಣೆಯಲ್ಲಿ ಗಾದಿಯ ಮೇಲೆ ಕೂತು ರೋಗಿಗಳ ಕೈ ಹಿಡಿದು ನೋಡಿದವರು. ಕೋಣೆಗೆ ಒಂದೇ ಕಿಟಕಿ. ಸಾಗವಾನಿ ಚೌಕಟ್ಟು, ಮೇಲಿನ ಪಟ್ಟಿಯಲ್ಲಿ ಬಳ್ಳಿಯ ಕೆತ್ತನೆ, ಕಡೆದ ಕಟ್ಟಿಗೆಯ ಸರಳುಗಳು, ಹೊರಗೆ ಎರಡು ಕದ. ನಾನು ಅದರ ಮೇಲೆ ಕೈ ಆಡಿಸಿದೆ. ಇಷ್ಟು ವರ್ಷವಾದರೂ ಒಂದು ಸಂದೂ ಸಡಿಲಾಗಿರಲಿಲ್ಲ. ಮಾಡಿದವನು ಬಲ್ಲವನು. ಆದರೆ ಚೌಕಟ್ಟಿನ ಮೇಲಿಟ್ಟ ನನ್ನ ಅಂಗೈಗೆ ಅದು ಸಣ್ಣಗೆ ನಡುಗುವುದು ತಿಳಿಯುತ್ತಿತ್ತು, ಜ್ವರ ಬಂದವರ ಮೈಯಂತೆ.

ಓಣಿ ಬಹಳವೆಂದರೆ ಆರು ಹೆಜ್ಜೆ ಅಗಲ. ಅದರಾಚೆಯ ಮನೆಯಲ್ಲಿ ಮೊದಲು ಕೈಮಗ್ಗಗಳಿದ್ದವು. ಅವೂ ಸಪ್ಪಳ ಮಾಡುತ್ತಿದ್ದವು, ಆದರೆ ನೇಯುವವನಿಗೆ ದಣಿವಾದರೆ ಮಗ್ಗಕ್ಕೂ ದಣಿವಾಗುತ್ತಿತ್ತು. ಈಗ ಅದೇ ಜಾಗದಲ್ಲಿ ಕರೆಂಟಿನ ಮಗ್ಗಗಳು ಬಂದಿದ್ದವು. ಖಟ್ ಖಟಾ ಖಟ್ ಎಂದು ಲಾಳಿಗಳು ಒಂದರ ಮೇಲೊಂದು ಹೊಡೆದುಕೊಳ್ಳುತ್ತಿದ್ದರೆ ನಾಡಿ ಕೋಣೆಯ ಗೂಡಿನಲ್ಲಿಟ್ಟ ಸೀಸೆಗಳು ಒಂದಕ್ಕೊಂದು ತಾಕಿ ಕಿಣಿಕಿಣಿ ಎನ್ನುತ್ತಿದ್ದವು.

ವೈದ್ಯರಿಗೆ ಅರವತ್ತು ದಾಟಿತ್ತು. ತೆಳ್ಳಗಿನ ಮನುಷ್ಯ, ಮಾತು ಕಡಿಮೆ. ನನ್ನನ್ನು ಕೂಡಿಸಿಕೊಂಡು ಚಹಾ ಕೊಟ್ಟು ತಮ್ಮ ಕಷ್ಟ ಹೇಳಿದರು. ನಾಡಿ ಹಿಡಿದಾಗ ಮೂರು ಬೆರಳಿಗೆ ಮೂರು ನಡಿಗೆ ತಿಳಿಯಬೇಕಂತೆ. ಒಂದು ಹಾವಿನಂತೆ ಹರಿಯುತ್ತದೆ, ಒಂದು ಕಪ್ಪೆಯಂತೆ ಜಿಗಿಯುತ್ತದೆ, ಒಂದು ಹಂಸದಂತೆ ನಿಧಾನ. ಮಗ್ಗ ಬಂದ ಮೇಲೆ ಎಲ್ಲರ ಕೈಯಲ್ಲೂ ಒಂದೇ ನಡಿಗೆ. ಖಟ್ ಖಟಾ ಖಟ್. ಬೆರಳಿನ ಕೆಳಗಿರುವುದು ರೋಗಿಯ ರಕ್ತವೋ ಎದುರು ಮನೆಯ ಲಾಳಿಯೋ ತಿಳಿಯದಾಗಿತ್ತು.

ಆಗಲೇ ಒಂದು ತಪ್ಪೂ ಆಗಿಹೋಗಿತ್ತು. ಬೀಳಗಿ ಕಡೆಯ ಒಬ್ಬ ಕುರಿಗಾರ ಹಿರಿಯ, ಬೀರಪ್ಪ ದೇವರ ಒಕ್ಕಲು, ವರ್ಷಕ್ಕೊಮ್ಮೆ ಮೈ ತೋರಿಸಿಕೊಳ್ಳಲು ಬರುವವನು, ಬಂದು ಕೈ ಚಾಚಿದ. ವೈದ್ಯರ ಬೆರಳಿಗೆ ಅವನ ನಾಡಿ ಎಗರೆಗರಿ ಹೊಡೆಯಿತು. ಎದೆ ಕೆಟ್ಟಿದೆ, ತಡ ಮಾಡಬೇಡಿ, ಮಿರಜಕ್ಕೆ ಒಯ್ಯಿರಿ ಎಂದರು. ಮನೆಯವರೆಲ್ಲ ಅತ್ತು ಕರೆದು ಅವನನ್ನು ಮಿರಜದ ದೊಡ್ಡ ಡಾಕ್ಟರರ ಹತ್ತಿರ ಕರೆದೊಯ್ದರು. ಅಲ್ಲಿ ನೋಡಿ, ಏನೂ ಆಗಿಲ್ಲ, ಎತ್ತಿನ ಎದೆ ಇದು ಎಂದು ಕಳಿಸಿದರು. ಕುರಿಗಾರ ನಕ್ಕೊಂಡು ತಿರುಗಿ ಬಂದ. ವೈದ್ಯರು ನಗಲಿಲ್ಲ. ಅಂದಿನಿಂದ ಅವರು ಯಾರ ಕೈಯನ್ನೂ ಹಿಡಿದಿರಲಿಲ್ಲ. ಬಂದವರಿಗೆ ಕೇಳಿ ತಿಳಿದು ಚೂರ್ಣ ಕೊಡುವುದು, ಅಷ್ಟೆ.

"ಎದಿ ಕೆಟ್ಟಿಲ್ಲದವಗ ಕೆಟ್ಟೈತಿ ಅಂದೆ. ನಾಳೆ ಕೆಟ್ಟವಗ ಕೆಟ್ಟಿಲ್ಲ ಅಂದ್ರ?" ಎಂದರು. "ನೀ ಒಂದು ನೋಡು ಮಿಸ್ತ್ರಿ. ಆತು ಅಂದ್ರ ಆತು. ಆಗಲಿಲ್ಲ ಅಂದ್ರ ನಾ ಇನ್ನ ನಾಡಿ ಮುಟ್ಟೂದಿಲ್ಲ. ಅಪ್ಪನ ಗಾದಿ ಸುತ್ತಿ ಅಟ್ಟದ ಮ್ಯಾಲ ಇಡತೇನಿ."

ಊರವರು ಅವರಿಗೆ ಉಪಾಯ ಹೇಳದೆ ಇರಲಿಲ್ಲ. ಕಿಟಕಿಗೆ ಇಟ್ಟಂಗಿ ಕಟ್ಟಿ ಮುಚ್ಚಿಬಿಡಿ ಎಂದವರಿದ್ದರು. ಆದರೆ ನಾಲಿಗೆ, ಕಣ್ಣಿನ ಬಿಳುಪು, ಉಗುರು, ಇವನ್ನು ಹಗಲಿನ ಬೆಳಕಿನಲ್ಲೇ ನೋಡಬೇಕು. ಬಲ್ಬಿನ ಕೆಳಗೆ ಎಲ್ಲರ ಕಣ್ಣೂ ಕಾಮಾಲೆ ಆದಂತೆ ಕಾಣುತ್ತವೆ. ಒಳಗಿನ ಕೋಣೆಗಳಲ್ಲಿ ಬೆಳಕಿಲ್ಲ. ನಸುಕಿನಲ್ಲಿ ಮಗ್ಗ ಶುರುವಾಗುವ ಮೊದಲೇ ನೋಡೋಣವೆಂದರೆ, ಆ ದಿನಗಳಲ್ಲಿ ಕರೆಂಟು ಪಾಳಿಯ ಮೇಲೆ ಬರುತ್ತಿತ್ತು. ಯಾವಾಗ ಬಂತೋ ಆಗ ಮಗ್ಗ. ಅದಕ್ಕೆ ನಸುಕೂ ಇಲ್ಲ, ಮಧ್ಯಾಹ್ನವೂ ಇಲ್ಲ.

ಮಗ್ಗದ ಮಾಲೀಕ ಕೆಟ್ಟವನಲ್ಲ. ವೈದ್ಯರನ್ನು ಕಾಕಾ ಎಂದು ಕರೆಯುತ್ತಿದ್ದ. ಚಿಕ್ಕವನಿದ್ದಾಗ ಇದೇ ಕೋಣೆಯಲ್ಲಿ ಕಹಿ ಕಷಾಯ ಕುಡಿದು ಅಳುತ್ತ ಮನೆಗೆ ಓಡಿದವನು. ನಾನು ಬಂದದ್ದು ಕೇಳಿ ತಾನೂ ಬಂದು ಹೊಸ್ತಿಲ ಮೇಲೆ ಕೂತ. ಕಾಕಾ ಹೇಳಿದರೆ ನಾಡಿ ನೋಡುವಷ್ಟು ಹೊತ್ತು ಮಗ್ಗ ನಿಲ್ಲಿಸುತ್ತೇನೆ ಎಂದ. ವೈದ್ಯರು ಒಪ್ಪಲಿಲ್ಲ. ಕರೆಂಟು ಇರುವುದೇ ನಾಲ್ಕು ತಾಸು, ಅದರಲ್ಲಿ ನೇಯುವವರ ಕೈ ಕಟ್ಟಿ ಕೂಡಿಸಿ ನಾನು ಯಾರ ರೋಗ ನೋಡಲಿ ಎಂದರು. ಆ ಮಾತಿನಿಂದ ಅವರ ಮೇಲೆ ನನ್ನ ಗೌರವ ಹೆಚ್ಚಿತು. ನನ್ನ ಮೇಲಿನ ಗೌರವ ಮೊದಲಿನಿಂದಲೂ ಹೆಚ್ಚೇ ಇತ್ತು. ಹೀಗಾಗಿ ಎರಡು ದಿನ ಕೊಡಿ, ಸೂಜಿ ಬಿದ್ದರೆ ಕೇಳಿಸಬೇಕು ಹಾಗೆ ಮಾಡುತ್ತೇನೆ ಎಂದುಬಿಟ್ಟೆ.

ವೈದ್ಯರ ಹೆಂಡತಿ, ನಾವೆಲ್ಲ ಅವ್ವಾರು ಎನ್ನುತ್ತಿದ್ದವರು, ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. "ಸೂಜಿ ನಾ ಕೊಡತೇನಿ," ಎಂದಷ್ಟೇ ಹೇಳಿ ಒಳಗೆ ಹೋದರು.

ಜಮಖಂಡಿಗೆ ಬಂದು ಗಾಜು ಕೊಯ್ಯಿಸಿದೆ. ಕೌದಿಯಲ್ಲಿ ಸುತ್ತಿ ಬಸ್ಸಿನಲ್ಲಿ ಎರಡು ಮೊಣಕಾಲ ನಡುವೆ ಹಿಡಿದುಕೊಂಡು, ಕೂಸಿನಂತೆ, ಒಯ್ದೆ. ಬಾಜೂ ಕೂತವರು ಯಾವ ದೇವರ ಫೋಟೋ ಎಂದು ಕೇಳಿದರು. ನಾನು ಮಾಡಿದ ಕೆಲಸ ನೋಡಲು ಚೆಂದವೇ ಇತ್ತು. ಹಳೆಯ ಚೌಕಟ್ಟಿಗೆ ಒಳಮಗ್ಗುಲಿನಿಂದ ಸಾಗವಾನಿ ಪಟ್ಟಿ ಸ್ಕ್ರೂ ಹಾಕಿ ಬಿಗಿದೆ. ಅದರಲ್ಲಿ ಗಾಜು ಕೂಡಿಸಿ ಸುತ್ತ ಪುಟ್ಟಿ ತುಂಬಿದೆ. ಸರಳಿಗೂ ಗಾಜಿಗೂ ಒಂದು ಬೆರಳು ಜಾಗ. ಕೆತ್ತನೆ ಹಾಗೇ ಕಾಣುತ್ತಿತ್ತು, ಬೆಳಕು ಹಾಗೇ ಬರುತ್ತಿತ್ತು. ಗಾಳಿಗೆ ಅಂಗಳದ ಬಾಗಿಲಿತ್ತು. ಕಡೆಯ ಸ್ಕ್ರೂ ತಿರುಗಿಸುವವರೆಗೂ ಸುತ್ತಿಗೆ, ರಂದಾ, ಉಳಿ ಎಂದು ನನ್ನದೇ ಸಪ್ಪಳದಲ್ಲಿ ಮುಳುಗಿದ್ದೆ. ಅದು ಮುಗಿದು ಕೈ ಒರೆಸಿಕೊಂಡು ನಿಂತೆ.

ಕೋಣೆ ಶಾಂತವಾಗಿತ್ತು.

ಸೀಸೆಗಳು ಕಿಣಿಕಿಣಿ ಎನ್ನುತ್ತಿರಲಿಲ್ಲ. ಅಂಗಳದಲ್ಲಿ ಗುಬ್ಬಿ ಚಿಂವ್ ಎಂದದ್ದು ಕೇಳಿಸಿತು. ನಾನು ವೈದ್ಯರನ್ನು ಕರೆದೆ. ಅವರು ಬಂದು ಬಾಗಿಲಲ್ಲೇ ನಿಂತರು. ಆಮೇಲೆ ಒಳಗೆ ಬಂದು ಅಪ್ಪನ ಗಾದಿಯ ಮೇಲೆ ಕೂತರು. ಕುರಿಗಾರ ಹಿರಿಯ ಅಂದು ಮಂಡಿನೋವಿನ ಎಣ್ಣೆಗೆಂದು ಬಂದು ಕಟ್ಟೆಯ ಮೇಲೆ ಕಾಯುತ್ತಿದ್ದ. ಅವನನ್ನು ಒಳಗೆ ಕರೆದು ಕೈ ಕೊಡು ಎಂದರು. ಅವನೂ ಖುಷಿಯಿಂದಲೇ ಕೊಟ್ಟ. ವೈದ್ಯರು ಕಣ್ಣು ಮುಚ್ಚಿದರು. ಎಷ್ಟೋ ತಿಂಗಳ ನಂತರ ಅವರ ಮೂರು ಬೆರಳು ಒಬ್ಬರ ಮಣಿಕಟ್ಟಿನ ಮೇಲೆ ಕೂತಿದ್ದವು. ಮುಖ ಮೆಲ್ಲಗೆ ಸಡಿಲಾಗುತ್ತ ಬಂತು.

"ಹರೀಲಿಕತ್ತೈತಿ," ಎಂದರು. "ಹಾವಿನ್ಹಂಗ. ಖರೆನ ಹರೀಲಿಕತ್ತೈತಿ."

ಅವ್ವಾರಿಗೆ ಹೇಳಿ ತೆಂಗಿನಕಾಯಿ, ಎಲೆಯಡಿಕೆ, ಒಂದು ಹೊಸ ಪಟಕಾ ತರಿಸಿದರು. ನನ್ನ ತಲೆಗೆ ತಾವೇ ಸುತ್ತಿದರು. ನಾನು ಸುತ್ತಿಸಿಕೊಂಡೆ. ಇಂಥ ಕೆಲಸ ಈ ಭಾಗದಲ್ಲಿ ಯಾರಿಗೂ ಬರುವುದಿಲ್ಲ, ಮುಧೋಳದ ರಾಜರ ಕಾಲದ ಕಿಟಕಿಗಳನ್ನು ನೋಡಿ ನೋಡಿ ಕಲಿತದ್ದು ಎಂದು ಒಂದು ಭಾಷಣವನ್ನೂ ಮಾಡಿದೆ. ಮುಧೋಳದಲ್ಲಿ ನಾನು ನೋಡಿದ್ದು ಹೆಚ್ಚಿನಂಶ ಬಸ್ ಸ್ಟ್ಯಾಂಡು. ಕುರಿಗಾರ ಕೈ ಕೊಟ್ಟವನು ಕೊಟ್ಟಂತೆಯೇ ಕೂತು ನನ್ನ ಮಾತಿಗೆ ತಲೆಯಾಡಿಸುತ್ತಿದ್ದ.

ಭಾಷಣ ಮುಗಿದಿರಲಿಲ್ಲ. ಎದುರು ಮನೆಯಿಂದ ಒಂದು ಮಗ್ಗ ಖಟ್ ಎಂದಿತು. ಆಮೇಲೆ ಎರಡು. ಆಮೇಲೆ ಎಲ್ಲವೂ. ಗೂಡಿನಲ್ಲಿ ಸೀಸೆಗಳು ಮಾತಾಡತೊಡಗಿದವು. ಅಷ್ಟೇ ಆಗಿದ್ದರೆ ಮೊದಲಿನಷ್ಟೇ ಆಯಿತು ಎನ್ನಬಹುದಿತ್ತು. ನಾನು ಕೂಡಿಸಿದ ಗಾಜು ಹಳೆಯ ಚೌಕಟ್ಟಿನ ನಡುಕವನ್ನೆಲ್ಲ ಹೀರಿಕೊಂಡು ಜುಂಯ್ ಎಂದು ತಾನೂ ಹಾಡಿಗೆ ಸೇರಿತು. ಜೇನು ಎದ್ದಂತೆ.

ಆದದ್ದು ಇಷ್ಟೆ. ನಾನು ಸುತ್ತಿಗೆ ಬಡಿಯುತ್ತಿದ್ದಾಗ ಕರೆಂಟು ಹೋಗಿತ್ತು. ಹಾಡೇ ಹಗಲು. ವಾಡೆಯಲ್ಲಿ ಒಂದು ಬಲ್ಬೂ ಉರಿಯುತ್ತಿರಲಿಲ್ಲ, ಹೋದದ್ದು ತಿಳಿಯುವುದು ಹೇಗೆ? ಓಣಿಯಲ್ಲಿ ಹೋಗುವ ಎಮ್ಮೆಗೂ ಗೊತ್ತಿದ್ದ ಸುದ್ದಿ ಕೋಣೆಯಲ್ಲಿದ್ದ ನಮಗೆ ಗೊತ್ತಿರಲಿಲ್ಲ.

ವೈದ್ಯರು ಕುರಿಗಾರನ ಕೈಯನ್ನು ಮೆಲ್ಲಗೆ ಅವನ ತೊಡೆಯ ಮೇಲಿಟ್ಟರು. ಅವ್ವಾರು ತಾಟಿನಲ್ಲಿ ಒಡೆದ ತೆಂಗಿನಕಾಯಿ ಹಿಡಿದುಕೊಂಡು ನಿಂತಿದ್ದರು.

"ಮಿಸ್ತ್ರಿ, ನಿನ್ನ ಖಿಡಕಿ ಭಾಳ ಛಲೋ ಐತಿ," ಎಂದರು. "ಕರೆಂಟ ಇಲ್ದಾಗ."

ಪಟಕಾ ತಲೆಯ ಮೇಲೆಯೇ ಇತ್ತು. ಅದನ್ನು ಬಿಚ್ಚಿ ಗಾದಿಯ ಹತ್ತಿರ ಇಟ್ಟೆ. ಕೆಲಸ ಆದ ಮೇಲೆ ಕೊಡಿ ಎಂದೆ. ಬಿಡು, ನಿನ್ನ ತಪ್ಪೇನಿಲ್ಲ, ಇದು ಇಷ್ಟೇ ಎಂದು ವೈದ್ಯರು ಹೇಳಿದರು. ಎದ್ದು ತಮ್ಮ ಅಪ್ಪನ ಗಾದಿಯ ಒಂದು ಮೂಲೆ ಹಿಡಿದು ಸುತ್ತತೊಡಗಿದರು. ನಾನು ಆ ಮೂಲೆಯ ಮೇಲೆ ಕಾಲಿಟ್ಟು ನಿಂತುಕೊಂಡೆ. ದೊಡ್ಡವರ ಗಾದಿ, ಕಾಲಿಡಬಾರದು. ಆದರೆ ಇಟ್ಟೆ. ಒಂದು ವಾರ ಸುತ್ತಬೇಡಿರಿ ಎಂದು ಕೇಳಿಕೊಂಡೆ. ಅವರು ನನ್ನ ಕಾಲನ್ನೂ ಮುಖವನ್ನೂ ನೋಡಿ ಮೂಲೆಯನ್ನು ಬಿಟ್ಟರು.

ತಿರುಗಿ ಜಮಖಂಡಿಗೆ ಹೊರಟ ಬಸ್ಸಿನಲ್ಲಿ ನನ್ನ ಬಾಜೂ ಕಿಟಕಿಯ ಗಾಜು ದಾರಿಯುದ್ದಕ್ಕೂ ಗಡಗಡ ಎನ್ನುತ್ತಿತ್ತು. ಅದು ನನ್ನನ್ನೇ ಅಣಕಿಸುತ್ತಿದೆ ಎಂದು ಸಿಟ್ಟು ಬಂತು. ಮುಂದಿನ ಸೀಟಿನ ಹೆಂಗಸೊಬ್ಬಳು ಕೂಸನ್ನು ಮಲಗಿಸುತ್ತಿದ್ದಳು. ಅವಳ ಕಿಟಕಿಯೂ ಹಾಗೇ ಗಡಗಡಿಸುತ್ತಿತ್ತು. ಅವಳು ಸೆರಗಿನ ತುದಿಯನ್ನು ಮಡಚಿ ಗಾಜಿಗೂ ತಗಡಿಗೂ ನಡುವಿನ ಸಂದಿಯಲ್ಲಿ ತುರುಕಿದಳು. ಗಾಜು ಸುಮ್ಮನಾಯಿತು. ಕೂಸು ಮಲಗಿತು. ಅವಳೂ ಹಾಗೇ ತೂಕಡಿಸಿದಳು, ಸೆರಗು ಕಿಟಕಿಯಲ್ಲೇ ಇತ್ತು.

ನಾನು ಅದನ್ನೇ ನೋಡುತ್ತ ಕೂತೆ. ಗಟ್ಟಿಯದಕ್ಕೆ ಗಟ್ಟಿಯದು ತಾಗಿದರೆ ಸಪ್ಪಳ ಒಂದರಿಂದ ಇನ್ನೊಂದಕ್ಕೆ ದಾಟುತ್ತದೆ. ನಡುವೆ ಮೆತ್ತಗಿನದಿದ್ದರೆ ಅಲ್ಲೇ ನಿಲ್ಲುತ್ತದೆ. ಇಷ್ಟು ಸಣ್ಣ ಮಾತು. ನಾನು ಮಾಡಿದ್ದೇನು? ನಡುಗುವ ಚೌಕಟ್ಟಿಗೇ ನನ್ನ ಗಾಜನ್ನು ಸ್ಕ್ರೂ ಹಾಕಿ, ಪುಟ್ಟಿ ತುಂಬಿ, ಕಲ್ಲಿನಂತೆ ಬಿಗಿದಿದ್ದೆ. ಬಿಗಿ ಮಾಡುವುದೇ ನನ್ನ ಹೆಮ್ಮೆ ಆಗಿತ್ತು. ಇಲ್ಲಿ ಬೇಕಾಗಿದ್ದದ್ದು ಮುಟ್ಟದೆ ಇರುವುದು.

ಮರುದಿನದಿಂದ ಅಂಗಡಿಯಲ್ಲಿ ಒಂದು ಹಲಗೆಯ ಪೆಟ್ಟಿಗೆ ಮಾಡಿ, ಒಳಗೆ ಅಲಾರಂ ಗಡಿಯಾರ ಇಟ್ಟು, ಅದರ ಬಾಯಿಗೆ ಗಾಜು ಹಿಡಿದು ನೋಡಿದೆ. ಒಂದು ಗಾಜು, ಎರಡು ಗಾಜು, ಹತ್ತಿರ, ದೂರ. ಬಾಜೂ ಅಂಗಡಿಯವರು ಇವನಿಗೆ ತಲೆ ಕೆಟ್ಟಿದೆ ಎಂದರು. ಎರಡು ಗಾಜು ಒಂದು ಗೇಣು ದೂರ ಇದ್ದರೆ ಗಡಿಯಾರದ ಟಿಕ್ ಟಿಕ್ ಸತ್ತಂತಾಗುತ್ತಿತ್ತು. ಬೆರಳಷ್ಟು ದೂರ ಇದ್ದರೆ ಏನೂ ಉಪಯೋಗವಿಲ್ಲ. ತೆಳುವಾದ ಗಾಜಿನ ಒಳಗೆ ಮತ್ತೊಂದು ತೆಳುವಾದ ಗಾಜು ಹಿಡಿದರೆ ಎರಡೂ ಒಂದೇ ದನಿಯಲ್ಲಿ ಹಾಡುತ್ತಿದ್ದವು. ಒಂದು ತೆಳು, ಒಂದು ದಪ್ಪ ಇದ್ದರೆ ಒಂದು ಹಾಡಿದ್ದು ಇನ್ನೊಂದಕ್ಕೆ ತಿಳಿಯುತ್ತಿರಲಿಲ್ಲ, ಅತ್ತೆ ಸೊಸೆಯರಂತೆ. ದಪ್ಪ ಗಾಜು ಪೇಟೆಯ ಪೇಢೆ ಅಂಗಡಿಯ ಹಳೆಯ ಕೌಂಟರಿನದು ಸಿಕ್ಕಿತು. ಒಂದು ಮೂಲೆ ಸೀಳಿತ್ತು, ಕೊಯ್ದು ತೆಗೆದೆ. ಗಾಜಿನ ಅಂಚು ಎಷ್ಟು ತೊಳೆದರೂ ಸ್ವಲ್ಪ ಏಲಕ್ಕಿ ವಾಸನೆ ಉಳಿದಿತ್ತು.

ಮೆತ್ತಗಿನದು ಏನು ಹಾಕುವುದೆಂಬುದು ಮಾತ್ರ ತಿಳಿಯಲಿಲ್ಲ. ಅರಿವೆ ಬೇಗ ಚಪ್ಪಟೆಯಾಗುತ್ತದೆ. ಸೈಕಲ್ಲಿನ ಟ್ಯೂಬು ಬಿಸಿಲಿಗೆ ಒಣಗಿ ಸೀಳುತ್ತದೆ. ಕಂಬಳಿ ಆದೀತು ಎನಿಸಿತು. ವಾರ ಮುಗಿಯುವ ಮುನ್ನ ಬನಹಟ್ಟಿಗೆ ಹೋದಾಗ ಕುರಿಗಾರ ಅಲ್ಲೇ ಇದ್ದ. ಮಂಡಿಗೆ ಎಣ್ಣೆ ಹಚ್ಚಿಸಿಕೊಳ್ಳಲು ಅವತ್ತಿನಿಂದ ವಾಡೆಯ ಪಡಸಾಲೆಯಲ್ಲೇ ಉಳಿದಿದ್ದನಂತೆ. ಹೆಗಲ ಮೇಲೆ ಕರಿ ಕಂಬಳಿ. ನಿಮ್ಮ ಕಡೆ ಹಳೆಯ ಕಂಬಳಿ ಇದ್ದರೆ ಕೊಡಿ, ಎರಡು ಬೆರಳಗಲ ಹರಿದು ಚೌಕಟ್ಟಿನ ಸುತ್ತ ಮೊಳೆ ಹೊಡೆಯುತ್ತೇನೆ ಎಂದು ಕೇಳಿದೆ.

ನಗುಮುಖದ ಆ ಮನುಷ್ಯನ ಮುಖ ಮೊದಲ ಸಲ ಬಿಗಿಯಿತು. ಹೆಗಲಿನ ಕಂಬಳಿಯನ್ನು ಒಳಗೆ ಎಳೆದುಕೊಂಡ.

"ತಮ್ಮಾ, ಕಂಬಳಿ ಹಾಸತೀವಿ, ಹೊದೀತೀವಿ. ಬೀರಪ್ಪನ ಮುಂದ ಗದ್ದಿಗಿ ಮಾಡತೀವಿ. ನಮ್ಮ ಮನ್ಯಾಗ ಕಂಬಳಿಗೆ ಕತ್ತರಿ ಹಚ್ಚೂದಿಲ್ಲ, ಮೊಳಿ ಹೊಡಿಯೂದು ದೂರ ಉಳೀತು."

ನನಗೆ ಗೊತ್ತಿರಲಿಲ್ಲ. ತಪ್ಪಾಯಿತೆಂದೆ. ಅವನು, ನಿನಗೆ ಬೇಕಾದದ್ದು ಕಂಬಳಿಯೋ ಮೆತ್ತನ್ನದೋ ಎಂದು ಕೇಳಿದ. ಮೆತ್ತನ್ನದು ಎಂದೆ. ಹಾಗಾದರೆ ನೇಯ್ದದ್ದನ್ನು ಯಾಕೆ ಹರಿಯುತ್ತೀ, ನೇಯದೆ ಇದ್ದದ್ದನ್ನು ಹಾಕು ಎಂದ. ಕುರಿಗಳ ಮೈಯಿಂದ ಕತ್ತರಿಸಿದ ಉಣ್ಣೆ ಅವನ ತಮ್ಮಂದಿರ ಹತ್ತಿರ ಮೂಟೆಗಟ್ಟಲೆ ಇತ್ತು. ಎರಡು ದಿನದಲ್ಲಿ ಬೀಳಗಿಯ ಬಸ್ಸಿನ ಟಾಪಿನ ಮೇಲೆ ಒಂದು ಚೀಲ ಬಂತು. ಆ ಚೀಲಕ್ಕೆ ಅವನು ಏನನ್ನೂ ತೆಗೆದುಕೊಳ್ಳಲಿಲ್ಲ. ನನ್ನಿಂದಾಗಿ ವೈದ್ಯರು ನಾಡಿ ಬಿಟ್ಟಿದ್ದಾರೆ, ನನ್ನಿಂದಲೇ ಹಿಡಿಯಲಿ ಎಂದ.

ಹುಳ ಬೀಳದಂತೆ ವೈದ್ಯರು ಬಜೆ ಕುಟ್ಟಿ ಪುಡಿ ಮಾಡಿ ಕೊಟ್ಟರು. ಉಣ್ಣೆಯನ್ನು ತೊಳೆದು, ಒಣಗಿಸಿ, ಬಿಡಿಸಿ, ಬಜೆ ಪುಡಿ ಹಾಕಿ ಹೊಸೆಯುವ ಕೆಲಸಕ್ಕೆ ಅವ್ವಾರೂ ಕೂತರು. ಹೆಬ್ಬೆರಳು ದಪ್ಪದ ಹಗ್ಗದಂತೆ, ಆದರೆ ಹಗ್ಗದಷ್ಟು ಬಿಗಿ ಇರಬಾರದು. ಅಷ್ಟು ಬಿಗಿ ಬೇಡ ಎಂದು ನಾನು ಮೂರು ಸಲ ಹೇಳಿದೆ. ಮೊದಲು ನಿನ್ನ ನಾಲಿಗೆ ಸಡಿಲು ಬಿಟ್ಟು ನೋಡಿದೆವು, ಈಗ ಉಣ್ಣೆ ಸಡಿಲು ಬಿಡುತ್ತೇವೆ ಎಂದರು ಅವ್ವಾರು.

ಹಳೆಯ ಚೌಕಟ್ಟಿನಿಂದ ನನ್ನ ಪಟ್ಟಿಯನ್ನೆಲ್ಲ ಕಿತ್ತೆ. ಸ್ಕ್ರೂ ಹಾಕಿದ ತೂತುಗಳು ಕಂಡಾಗ ನನ್ನ ಮೇಲೆ ನನಗೇ ಬೇಸರ ಬಂತು. ಅದೇ ಬಣ್ಣದ ಸಾಗವಾನಿ ತುಂಡು ಹುಡುಕಿ ಒಂದೊಂದಕ್ಕೂ ಬಿರಡೆ ಕೂಡಿಸಿ ನುಣ್ಣಗೆ ಮಾಡಿದೆ. ಇವತ್ತು ಹೋಗಿ ನೋಡಿದರೂ ತೂತು ಎಲ್ಲಿತ್ತು ಎಂದು ನನಗಲ್ಲದೆ ಬೇರೆಯವರಿಗೆ ಕಾಣದು. ಆಮೇಲೆ ಅದನ್ನು ಮುಟ್ಟಲಿಲ್ಲ. ಅದರಿಂದ ಒಂದು ಗೇಣಿಗೂ ಸ್ವಲ್ಪ ಹೆಚ್ಚೇ ಒಳಗೆ, ಗೋಡೆಯ ಒಳಮುಖದಲ್ಲಿ, ಬೇರೆಯದೇ ಒಂದು ಚೌಕಟ್ಟು ನಿಲ್ಲಿಸಿದೆ. ಗೋಡೆ ಎರಡು ಮೊಳ ದಪ್ಪ ಇದ್ದದ್ದು ಪುಣ್ಯ, ಜಾಗಕ್ಕೆ ಕೊರತೆಯಾಗಲಿಲ್ಲ. ಹೊಸ ಚೌಕಟ್ಟಿಗೂ ಗೋಡೆಗೂ ನಡುವೆ ಉಣ್ಣೆ. ದಪ್ಪ ಗಾಜಿಗೂ ಆ ಚೌಕಟ್ಟಿಗೂ ನಡುವೆ ಉಣ್ಣೆ. ಮೊದಲಿನ ತೆಳು ಗಾಜನ್ನು ಹಳೆಯ ಚೌಕಟ್ಟಿಗೆ ತಾಗದಂತೆ ಅದರ ಹಿಂದೆ, ಗೋಡೆಯ ನಡುವೆ, ಉಣ್ಣೆಯಲ್ಲೇ ಒತ್ತಿ ನಿಲ್ಲಿಸಿದೆ. ಎರಡು ಕಿಟಕಿಗಳ ನಡುವಿನ ಜಾಗದ ನಾಲ್ಕೂ ಮಗ್ಗುಲಿಗೆ ಉಣ್ಣೆ ಹಾಸಿ ಮೇಲೆ ಬಿಳಿಯ ಅರಿವೆ ಬಿಗಿದೆ. ಆ ಅರಿವೆ ಕೊಟ್ಟವನು ಮಗ್ಗದ ಮಾಲೀಕ. ಕಾಕಾನ ಕಿವಿ ಕೆಡಿಸಿದ್ದು ನನ್ನ ಮಗ್ಗ, ಮುಚ್ಚುವ ಅರಿವೆಯೂ ಅದರದ್ದೇ ಇರಲಿ ಎಂದ. ಗಾಜಿನ ಕದ ಬಿಜಾಗರಿಯ ಮೇಲೆ ತಿರುಗುವಂತೆ ಇಟ್ಟೆ, ಧೂಳು ಒರೆಸಬೇಕಲ್ಲ. ಮುಚ್ಚಿದರೆ ಉಣ್ಣೆಯನ್ನು ಒತ್ತಿಕೊಂಡು ಕೂಡುವ ಹಾಗೆ ಎರಡು ಚಿಲಕ.

ಕಡೆಗೆ ವೈದ್ಯರ ಗಾದಿಯ ಕೆಳಗೆ ಕುರಿಗಾರ ತನ್ನ ಹೆಗಲಿನ ಕಂಬಳಿಯನ್ನೇ ನಾಲ್ಕು ಮಡಿಕೆ ಮಾಡಿ ಹಾಸಿದ. ನೆಲದ ನಡುಕ ಬೆರಳಿಗೆ ಬರಬಾರದು ಎಂದು. ಕಂಬಳಿ ಹಾಸುವುದಕ್ಕೆ ಅವನ ಅಡ್ಡಿಯಿರಲಿಲ್ಲ.

ಚಿಲಕ ಹಾಕುವ ಮೊದಲು ನಾನು ಹೊರಗೆ ಹೋಗಿ ಎದುರು ಮನೆಯಲ್ಲಿ ಎಲ್ಲ ಮಗ್ಗ ನಡೆದಿವೆಯೇ ಎಂದು ಕಣ್ಣಾರೆ ನೋಡಿ ಬಂದೆ. ಅಷ್ಟು ಸಾಲದೆಂದು ನಾಡಿ ಕೋಣೆಯ ಬಲ್ಬಿನ ಗುಂಡಿ ಒತ್ತಿದೆ. ಹಾಡೇ ಹಗಲಿನಲ್ಲಿ ಕಿಟಕಿಯ ಮೇಲೆ ಬಲ್ಬು ಹಳದಿಯಾಗಿ ಉರಿಯಿತು. ವೈದ್ಯರು ಅದನ್ನು ನೋಡಿದರು, ನನ್ನನ್ನು ನೋಡಿದರು. ಮೊದಲ ಸಲ ಅವರು ನಗುವುದನ್ನು ಕಂಡೆ.

ಚಿಲಕ ಹಾಕಿದೆ.

ಸೂಜಿ ಬಿದ್ದರೆ ಕೇಳಿಸುವಷ್ಟು ಅಲ್ಲ. ಅಷ್ಟು ದೊಡ್ಡ ಮಾತು ನಾನು ಆಮೇಲೆ ಯಾವತ್ತೂ ಆಡಲಿಲ್ಲ. ಮಾಳಿಗೆಯ ಬೆಳಕಿಂಡಿಯಿಂದ, ಅಂಗಳದ ಬಾಗಿಲಿಂದ ಸಪ್ಪಳ ಬರುತ್ತಲೇ ಇತ್ತು. ಆದರೆ ಎಲ್ಲೋ ಎರಡು ಓಣಿ ಆಚೆ ಯಾರೋ ಹಿಟ್ಟು ಬೀಸುತ್ತಿದ್ದಂತೆ. ಗೂಡಿನ ಸೀಸೆಗಳು ಸುಮ್ಮನಿದ್ದವು. ಗಾಜಿನಾಚೆ ಹಳೆಯ ಸರಳು, ಕೆತ್ತನೆಯ ಬಳ್ಳಿ, ಅದರಾಚೆ ಓಣಿಯ ಬೆಳಕು, ಎಲ್ಲ ಇದ್ದಲ್ಲೇ ಇದ್ದವು.

ವೈದ್ಯರು ಕೂತರು. ಕುರಿಗಾರ ಎದುರು ಕೂತು ಕೈ ಕೊಟ್ಟ. ಅವರು ಮೊದಲು ತಲೆಯೆತ್ತಿ ಬಲ್ಬನ್ನು ನೋಡಿದರು, ಆಮೇಲೆ ಕಣ್ಣು ಮುಚ್ಚಿದರು. ನಾನು ಉಳಿ ಹಿಡಿದುಕೊಂಡೇ ನಿಂತಿದ್ದೆ. ಮಗ್ಗದ ಮಾಲೀಕ ಹೊಸ್ತಿಲ ಮೇಲೆ, ಅವ್ವಾರು ಅವನ ಹಿಂದೆ. ನನಗೆ ಅನಿಸಿದ್ದು, ಈ ಮನುಷ್ಯ ಈಗ ಕಣ್ಣು ತೆರೆದು ಇಲ್ಲ ಎಂದರೆ ಗಾದಿಯ ಮೂಲೆಯ ಮೇಲೆ ಕಾಲಿಡಲು ನನಗೆ ಮುಖವಿಲ್ಲ.

ಬಹಳ ಹೊತ್ತಾಯಿತು. ಎಡಗೈ ನೋಡಿದರು, ಬಲಗೈ ನೋಡಿದರು, ಮತ್ತೆ ಬಲಗೈ.

"ಎದಿ ಗಟ್ಟಿ ಐತಿ," ಎಂದರು. "ವಾಯು ಮಂಡ್ಯಾಗ ಇಳದೈತಿ. ಮತ್ತ ನೀ ಮುಂಜಾನಿಂದ ಏನೂ ಉಂಡಿಲ್ಲ."

ಕುರಿಗಾರ ಅವ್ವಾರ ಕಡೆ ತಿರುಗಿದ.

"ಹೌದ್ರಿ ಅವ್ವಾರ, ಈ ಮಿಸ್ತ್ರಿ ಗಡಿಬಿಡಿಯೊಳಗ ರೊಟ್ಟಿ ಕೊಡೂದ ಮರತ್ರಿ. ಇಷ್ಟು ಹೇಳಾಕ ಮಿರಜದವ್ರಿಗೂ ಆಗಲಿಲ್ಲ."

ಎಲ್ಲರೂ ನಕ್ಕರು. ವೈದ್ಯರು ಮಾತ್ರ ಅವನ ಕೈ ಬಿಡದೆ ಹಾಗೇ ಇನ್ನೂ ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದರು, ರೋಗ ನೋಡಲು ಅಲ್ಲ. ಪಟಕಾ ಅವತ್ತು ಅವ್ವಾರೇ ತಂದರು. ಮೊದಲಿನದೇ. ಒಗೆದು ಮಡಚಿ ಇಟ್ಟಿದ್ದರು. ಈ ಸಲ ನಾನು ಭಾಷಣ ಮಾಡಲಿಲ್ಲ.

ಆಮೇಲೆ ಆ ಭಾಗದ ಹಳೆಯ ಮನೆಗಳಲ್ಲಿ ಇಂಥ ಒಳಕಿಟಕಿಗಳನ್ನು ನಾನು ಹಲವು ಮಾಡಿದೆ. ರಬಕವಿಯಲ್ಲಿ ಮಾಡಿದೆ, ಮುಧೋಳದಲ್ಲಿ ಲಾರಿಗಳ ದಾರಿಗೆ ಹತ್ತಿದ ಒಂದು ವಾಡೆಗೆ ಮಾಡಿದೆ. ಪ್ರತಿ ಸಲ ಹಳೆಯ ಚೌಕಟ್ಟಿಗೆ ಒಂದು ಮೊಳೆಯೂ ತಾಗದಂತೆ ಮಾಡಿದೆ. ಉಣ್ಣೆ ಬೀಳಗಿಯಿಂದಲೇ ಬರುತ್ತಿತ್ತು.

ಬನಹಟ್ಟಿಗೆ ಹೋದಾಗ ವಾಡೆಗೆ ಹೋಗದೆ ಬರುತ್ತಿರಲಿಲ್ಲ. ನಾಡಿ ಕೋಣೆಯಲ್ಲಿ ಬೆಳಗಿನಿಂದ ಜನ ಇರುತ್ತಿದ್ದರು. ಕರೆಂಟು ಇದೆಯೋ ಇಲ್ಲವೋ ತಿಳಿಯಲೆಂದು ಕಿಟಕಿಯ ಮೇಲಿನ ಬಲ್ಬು ಹಾಡೇ ಹಗಲು ಉರಿಯುತ್ತಿರುತ್ತಿತ್ತು. ಹೊಸಬರು, ಪಾಪ ಮುದುಕರಿಗೆ ಆರಿಸುವುದು ಮರೆತಿದೆ ಎಂದು ಎದ್ದು ಗುಂಡಿ ಒತ್ತಲು ಹೋಗುತ್ತಿದ್ದರು. ಅದನ್ನು ಮುಟ್ಟಬೇಡಿ ಎಂದು ಅವ್ವಾರು ಪಡಸಾಲೆಯಿಂದಲೇ ಗದರುತ್ತಿದ್ದರು. ಒಮ್ಮೆ ನನಗೇ ಜ್ವರ ಬಂದು ಕೈ ತೋರಿಸಲು ಕೂತೆ. ವೈದ್ಯರು ಮೂರು ಬೆರಳಿಟ್ಟರು, ಮೇಲೆ ನೋಡಿದರು. ಬಲ್ಬು ಆರಿತ್ತು, ಕರೆಂಟು ಇರಲಿಲ್ಲ. ಊರೆಲ್ಲ ಗಪ್ಪಾಗಿತ್ತು. ಇಂಥ ಶಾಂತ ಗಳಿಗೆ ಯಾವ ವೈದ್ಯನೂ ಬಿಡಲಿಕ್ಕಿಲ್ಲ. ಅವರು ನನ್ನ ಕೈಯನ್ನು ಮೆಲ್ಲಗೆ ತೊಡೆಯ ಮೇಲಿಟ್ಟರು.

"ತಡಿ ಮಿಸ್ತ್ರಿ," ಎಂದರು. "ಮಗ್ಗ ಶುರು ಆಗಲಿ. ನಿನ್ನ ಖಿಡಕಿ ಇರೂದ ಅದಕ್ಕ."

ಬಲ್ಬು ಹತ್ತುವ ತನಕ ಇಬ್ಬರೂ ಚಹಾ ಕುಡಿಯುತ್ತ ಕೂತೆವು.